ಅಟ್ಟದಿಂದ ಇಳಿದ ವಾಲ್ವ್ ರೇಡಿಯೋ: ಪ್ಲಗ್ ಹಾಕುವ ಮೊದಲು ಮಾಡಬೇಕಾದ ಕೆಲಸ

ಅಟ್ಟದಿಂದ ಹಳೇ ವಾಲ್ವ್ ರೇಡಿಯೋ ಕೆಳಗಿಳಿದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ. ಧೂಳು ಒರೆಸುತ್ತಾರೆ, ಪ್ಲಗ್ ಸಿಕ್ಕಿಸುತ್ತಾರೆ, ಹಾಡುತ್ತಾ ನೋಡೋಣ ಅನ್ನುತ್ತಾರೆ. ಡಯಲ್ ದೀಪ ಹತ್ತುತ್ತದೆ, ಎಲ್ಲರ ಮುಖ ಅರಳುತ್ತದೆ. ಅರ್ಧ ನಿಮಿಷಕ್ಕೆ ಗುಂಯ್ ಅನ್ನುವ ಸದ್ದು. ಇನ್ನೆರಡು ನಿಮಿಷಕ್ಕೆ ಮೇಣ ಸುಟ್ಟ ವಾಸನೆ. ಆಮೇಲೆ ಎಲ್ಲರೂ ಹೇಳುವ ಮಾತು, "ಮೂವತ್ತು ವರ್ಷ ಆಗಿತ್ತಲ್ಲ, ಹೋಗಿಬಿಟ್ಟಿತ್ತು ಅನ್ಸುತ್ತೆ."

ಮೂವತ್ತು ವರ್ಷದಲ್ಲಿ ಅದು ಹೋಗಿರಲಿಲ್ಲ. ಆ ಎರಡು ನಿಮಿಷದಲ್ಲಿ ಹೋಯಿತು. ವಾಲ್ವ್ ರೇಡಿಯೋದಲ್ಲಿ ಕೆಡುವ ಭಾಗಗಳು ಕೆಲವೇ ರೂಪಾಯಿಯವು. ಆದರೆ ಕೆಟ್ಟ ಸಣ್ಣ ಭಾಗದ ಮೇಲೆ ಕರೆಂಟು ಹರಿಸಿದರೆ, ಅದು ತನ್ನ ಜೊತೆ ಸುಲಭಕ್ಕೆ ಸಿಗದ ದೊಡ್ಡ ಭಾಗವನ್ನೂ ಸುಡುತ್ತದೆ. ಹಾಗಾಗಿ ಈ ಕೆಲಸದಲ್ಲಿ ಕೈಚಳಕಕ್ಕಿಂತ ಮುಖ್ಯವಾದದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಆ ಕ್ರಮ ಯಾಕೆ ಹಾಗೆ ಅಂತ ತಿಳಿದರೆ ಮನೆಯ ಮೇಜಿನ ಮೇಲೆ, ಒಂದು ಮಲ್ಟಿಮೀಟರ್ ಮತ್ತು ಒಂದು ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಈ ಕೆಲಸ ಮಾಡಬಹುದು.

ಒಳಗೆ ಏನಿರುತ್ತದೆ

ನಮ್ಮ ಮನೆಗಳಲ್ಲಿ ಸಿಗುವ ಮರ್ಫಿ, ಫಿಲಿಪ್ಸ್, ಬುಷ್, ಜಿಇಸಿ ಸೆಟ್ಟುಗಳು ಹೆಚ್ಚಾಗಿ 1950 ಮತ್ತು 60ರ ದಶಕದವು. ಹಿಂದಿನ ರಟ್ಟು ಬಿಚ್ಚಿದರೆ ಸಾಮಾನ್ಯವಾಗಿ ಐದಾರು ಗಾಜಿನ ವಾಲ್ವ್‌ಗಳು ಕಾಣುತ್ತವೆ. ಪ್ರತಿ ವಾಲ್ವ್‌ನ ಒಳಗೆ ಗಾಳಿ ಇಲ್ಲ. ನಟ್ಟನಡುವೆ ಒಂದು ಹೀಟರ್ ಇದೆ. ಅದು ಕ್ಯಾಥೋಡ್ ಎಂಬ ಕೊಳವೆಯನ್ನು ಕೆಂಪಗೆ ಕಾಯಿಸುತ್ತದೆ. ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು, 250 ವೋಲ್ಟ್ ಆಸುಪಾಸಿನಲ್ಲಿರುವ ಆನೋಡ್‌ಗೆ ಹಾರುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಕೆರೆಯ ತೂಬನ್ನು ಒಂದು ಬೆರಳಿನಷ್ಟು ಎತ್ತಿದರೂ ಕಾಲುವೆಯಲ್ಲಿ ನೀರು ಏರುತ್ತದಲ್ವಾ, ಗ್ರಿಡ್‌ನ ಕೆಲಸವೂ ಅದೇ. ಅದರ ವೋಲ್ಟೇಜ್ ಸ್ವಲ್ಪ ಬದಲಾದರೆ ಆನೋಡ್‌ಗೆ ಹೋಗುವ ಕರೆಂಟು ಬಹಳ ಬದಲಾಗುತ್ತದೆ. ಸಣ್ಣ ಸಿಗ್ನಲ್ ದೊಡ್ಡದಾಗುವುದು ಹೀಗೆ.

ವಾಲ್ವ್ ಮೇಲಿನ ಹೆಸರನ್ನು ಓದಲು ಕಲಿತರೆ ಅರ್ಧ ಸರ್ಕ್ಯೂಟ್ ತಿಳಿದಂತೆ. ಯುರೋಪಿನ ಈ ಗುರುತಿನಲ್ಲಿ ಮೊದಲ ಅಕ್ಷರ ಹೀಟರ್ ಬಗ್ಗೆ ಹೇಳುತ್ತದೆ. ಇ ಅಂದರೆ 6.3 ವೋಲ್ಟ್ ಹೀಟರ್. ಯು ಅಂದರೆ 100 ಮಿಲಿಆಂಪಿಯರ್ ಹೀಟರ್, ಎಲ್ಲವೂ ಸಾಲಾಗಿ ಒಂದಕ್ಕೊಂದು ಜೋಡಿಸಿದ್ದು. ಮುಂದಿನ ಅಕ್ಷರಗಳು ವಾಲ್ವ್‌ನ ಜಾತಿ. ಎಫ್ ಅಂದರೆ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪೆಂಟೋಡ್ ಎಂಬ ವಾಲ್ವ್, ಎಲ್ ಅಂದರೆ ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್, ಝಡ್ ಮತ್ತು ವೈ ಅಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಎಂ ಅಂದರೆ ಸ್ಟೇಷನ್ ಸಿಕ್ಕಾಗ ಹಸಿರಾಗಿ ಹೊಳೆಯುವ ಮ್ಯಾಜಿಕ್ ಐ. ಹಾಗಾಗಿ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80 ಎಂಬ ಐದು ಹೆಸರು ಕಂಡರೆ ಅದು ಪಕ್ಕಾ ಪಾಠದಂತಹ ಸೆಟ್. ಸಿಗ್ನಲ್ ಅದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗಿ ಇಎಲ್84ರ ಮೂಲಕ ಸ್ಪೀಕರ್ ಸೇರುತ್ತದೆ. ಇಝಡ್80 ಎಲ್ಲಕ್ಕೂ ಡಿಸಿ ಕೊಡುತ್ತದೆ.

ಅನೇಕ ವಾಲ್ವ್‌ಗಳ ಗಾಜಿನ ಮೇಲೆ ಬಿಇಎಲ್ ಗುರುತು ಕಾಣುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವ್‌ಗಳನ್ನು ಮಾಡತೊಡಗಿತು. ಇವತ್ತಿಗೂ ಹಳೇ ಅಂಗಡಿಗಳ ಮೂಲೆಯಲ್ಲಿ ಡಬ್ಬಿ ಒಡೆಯದ ಬಿಇಎಲ್ ವಾಲ್ವ್ ಸಿಗುವುದುಂಟು. ಸಿಕ್ಕರೆ ಬಿಡಬೇಡಿ. ಗಾಜಿನ ಮೇಲಿನ ಅಕ್ಷರಗಳನ್ನು ಮಾತ್ರ ಒರೆಸಬೇಡಿ, ಬೆರಳು ಉಜ್ಜಿದರೂ ಅಳಿಸಿಹೋಗುತ್ತವೆ. ಹೆಸರಿಲ್ಲದ ವಾಲ್ವ್ ಯಾವುದು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ ವಾಲ್ವ್ ಸುಮ್ನೆ ಕೂತು ಹಾಳಾಗುವುದು ಕಡಿಮೆ. ಒಳಗೆ ಗಾಳಿಯೇ ಇಲ್ಲ, ತುಕ್ಕು ಎಲ್ಲಿಂದ ಹಿಡಿಯಬೇಕು? ಗಾಜಿನ ತಲೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಕಲೆ ಇರುತ್ತದೆ. ಉಳಿದ ಗಾಳಿಯನ್ನು ಹೀರಲು ಹಾಕಿದ ಲೋಹ ಅದು. ಬಿರುಕು ಬಿಟ್ಟು ಗಾಳಿ ಹೊಕ್ಕಿದ್ದರೆ ಆ ಕಲೆ ಹಾಲಿನಂತೆ ಬಿಳಿಯಾಗುತ್ತದೆ. ಬಿಳಿಯಾಗಿದ್ದರೆ ಆ ವಾಲ್ವ್ ಮುಗಿದಂತೆ. ಬೆಳ್ಳಿ ಬಣ್ಣ ಉಳಿದಿದ್ದು, ಹೀಟರ್ ಪಿನ್‌ಗಳ ನಡುವೆ ಮೀಟರ್ ಕೆಲವೇ ಓಮ್ ತೋರಿಸಿದರೆ, ಸದ್ಯಕ್ಕೆ ಅದನ್ನು ಅನುಮಾನಿಸಬೇಡಿ. ರೇಡಿಯೋ ಹಾಡದಿದ್ದರೆ ಮೊದಲು ವಾಲ್ವ್ ಬದಲಿಸುವ ಅಭ್ಯಾಸ ಹಿಂದಿನಿಂದಲೂ ಇದೆ. ಹಣವೂ ಹೋಗುತ್ತದೆ, ಹೊಸ ವಾಲ್ವೂ ಸುಡುತ್ತದೆ.

ಮೊದಲು ಜೀವ

ಮುಂದೆ ಹೋಗುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಯು ಅಕ್ಷರದ ವಾಲ್ವ್‌ಗಳಿರುವ ಸೆಟ್, ಅಂದರೆ ಯುಸಿಎಚ್81, ಯುಎಲ್84, ಯುವೈ85 ಇಂಥವು, ಸಾಮಾನ್ಯವಾಗಿ ಕರೆಂಟಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್. ಖರ್ಚು ಉಳಿಸಲು ಹೀಗೆ ಮಾಡುತ್ತಿದ್ದರು. ಇದರಲ್ಲಿ ಗೋಡೆಯ ಎರಡು ತಂತಿಗಳಲ್ಲಿ ಒಂದು ನೇರ ಚಾಸಿಗೆ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಯ ಮೇಲೆ ಫೇಸ್ ಬರುತ್ತದೆ, ಪೂರ್ತಿ 230 ವೋಲ್ಟ್. ಹೊರಗೆ ಮರದ ಪೆಟ್ಟಿಗೆ, ತಿರುಗಿಸುವ ಬೇಕಲೈಟ್ ಗುಬ್ಬಿ (ನಾಬ್) ಇರುವತನಕ ತೊಂದರೆ ಇಲ್ಲ. ಗುಬ್ಬಿ ಕಳಚಿ ಬಿದ್ದು ಒಳಗಿನ ಕಬ್ಬಿಣದ ಕಡ್ಡಿ ಹೊರಗೆ ಕಂಡರೆ ಆ ಕಡ್ಡಿಯೇ ಶಾಕ್ ಹೊಡೆಯುತ್ತದೆ. ಇಂಥ ಸೆಟ್ಟನ್ನು 230ಕ್ಕೆ 230ರ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮೇಜಿನ ಮೇಲೆ ತೆರೆದು ಓಡಿಸಬೇಡಿ. ಇದೇ ಮೊದಲ ಸೆಟ್ ಆಗಿದ್ದರೆ, ಇ ಅಕ್ಷರದ, ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಿಂದಲೇ ಕಲಿಯಿರಿ.

ಟ್ರಾನ್ಸ್‌ಫಾರ್ಮರ್ ಇದ್ದರೂ ಒಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಎಂಬ, ಕರೆಂಟು ತುಂಬಿಟ್ಟುಕೊಳ್ಳುವ ಭಾಗದಲ್ಲಿ ಅದು ಉಳಿಯಬಹುದು. ಕೆಲವು ಕಿಲೋಓಮ್‌ನ, 5 ವ್ಯಾಟಿನ ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಟ್ ಮಾಡಿದ ತಂತಿ ಕಟ್ಟಿಟ್ಟುಕೊಂಡು, ಪ್ರತಿ ಸಲ ಕೈ ಹಾಕುವ ಮೊದಲು ಅದರಿಂದ ಕೆಪಾಸಿಟರ್ ಖಾಲಿ ಮಾಡಿ. ಆಮೇಲೆ ಮೀಟರ್ ಇಟ್ಟು ಸೊನ್ನೆ ಆಗಿದೆಯಾ ನೋಡಿ. ಸ್ಕ್ರೂಡ್ರೈವರ್ ಅಡ್ಡ ಹಾಕಿ ಟಪ್ ಅನ್ನಿಸುವುದು ಬೇಡ. ಕರೆಂಟು ಇರುವಾಗ ಅಳೆಯುವುದಾದರೆ ಮೀಟರಿನ ಕಪ್ಪು ತಂತಿಯನ್ನು ಚಾಸಿಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಂಪು ತಂತಿ ಹಿಡಿಯಿರಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಕಾಲಲ್ಲಿ ಚಪ್ಪಲಿ, ಮನೆಯಲ್ಲಿ ಇನ್ನೊಬ್ಬರು ಇರಬೇಕು.

ನಿಜವಾಗಿ ಕೆಡುವುದು ಕೆಪಾಸಿಟರ್

ಚಾಸಿಯನ್ನು ತಲೆಕೆಳಗು ಮಾಡಿದರೆ ತಂತಿಗಳ ಕಾಡಿನ ನಡುವೆ ಮೇಣದ ಬತ್ತಿಯ ತುಂಡಿನಂತಹ ಕಂದು ಕೊಳವೆಗಳು ಕಾಣುತ್ತವೆ. ಅವು ಪೇಪರ್ ಕೆಪಾಸಿಟರ್. ಎರಡು ಲೋಹದ ಹಾಳೆಗಳ ನಡುವೆ ಕಾಗದ ಇಟ್ಟು ಸುತ್ತಿ, ಮೇಣ ತುಂಬಿರುತ್ತಾರೆ. ಕೆಪಾಸಿಟರ್‌ನ ಕೆಲಸ ಏರಿಳಿಯುವ ಸಿಗ್ನಲ್ಲನ್ನು ದಾಟಿಸುವುದು, ಡಿಸಿಯನ್ನು ತಡೆಯುವುದು. ಆದರೆ ಕಾಗದ ತೇವ ಹೀರುತ್ತದೆ. ಮಲೆನಾಡು, ಕರಾವಳಿ ಕಡೆಯ ಮನೆಗಳಲ್ಲಂತೂ ಕೇಳುವುದೇ ಬೇಡ, ಒಂದೊಂದು ಮಳೆಗಾಲವೂ ಒಳಗೆ ಕೂತಿರುತ್ತದೆ. ತೇವ ಹೊಕ್ಕ ಕಾಗದ ಡಿಸಿಯನ್ನು ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ಸ್ವಲ್ಪ ಸೋರಿಸುತ್ತದೆ.

ಈ ಸೋರಿಕೆ ಎಷ್ಟು ಸಣ್ಣದು, ಅದರ ಹಾನಿ ಎಷ್ಟು ದೊಡ್ಡದು ಅಂತ ಒಂದೇ ಒಂದು ಕೆಪಾಸಿಟರ್ ಹಿಡಿದು ನೋಡೋಣ. ಇಬಿಸಿ81ರ ಆನೋಡ್‌ನಿಂದ ಇಎಲ್84ರ ಗ್ರಿಡ್‌ಗೆ ಹೋಗುವ 0.01 ಮೈಕ್ರೋಫ್ಯಾರಡ್‌ನ ಕಪ್ಲಿಂಗ್ ಕೆಪಾಸಿಟರ್ ಅದು. ಅದರ ಒಂದು ಕಡೆ ಸುಮಾರು 100 ವೋಲ್ಟ್. ಇನ್ನೊಂದು ಕಡೆ, ಗ್ರಿಡ್‌ನಲ್ಲಿ, ಸೊನ್ನೆ ಇರಬೇಕು. ಇಎಲ್84ರ ಕ್ಯಾಥೋಡ್ 7 ವೋಲ್ಟ್ ಮೇಲಿರುತ್ತದೆ. ಅಂದರೆ ಕ್ಯಾಥೋಡ್‌ನ ಲೆಕ್ಕದಲ್ಲಿ ಗ್ರಿಡ್ 7 ವೋಲ್ಟ್ ಕೆಳಗಿದೆ. ಆ 7 ವೋಲ್ಟೇ ವಾಲ್ವ್‌ನ ಕರೆಂಟನ್ನು 50 ಮಿಲಿಆಂಪಿಯರ್ ಹತ್ತಿರ ಹಿಡಿದಿಟ್ಟಿರುವುದು.

ಈಗ ಕೆಪಾಸಿಟರ್ 10 ಮೈಕ್ರೋಆಂಪಿಯರ್ ಸೋರಿಸಿತು ಅಂತಿಟ್ಟುಕೊಳ್ಳಿ. ಗ್ರಿಡ್‌ನಿಂದ ಚಾಸಿಗೆ 470 ಕಿಲೋಓಮ್‌ನ ರೆಸಿಸ್ಟರ್ ಇದೆ. ಸೋರಿದ ಕರೆಂಟು ಅದರ ಮೂಲಕವೇ ಇಳಿಯಬೇಕು. ಗುಣಿಸಿ ನೋಡಿ, 4.7 ವೋಲ್ಟ್. ಸೊನ್ನೆ ಇರಬೇಕಾದ ಗ್ರಿಡ್ 4.7 ವೋಲ್ಟ್ ಮೇಲೇರಿತು. ಹಿಡಿತ ಸಡಿಲವಾಯಿತು. ವಾಲ್ವ್ ಅಳತೆ ಮೀರಿ ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ. ಬಿಸಿಗೆ ಕೆಪಾಸಿಟರ್ ಇನ್ನೂ ಸೋರುತ್ತದೆ. ಕೊನೆಗೆ ಆನೋಡ್‌ನ ತಗಡು ಮಂಕಾಗಿ ಕೆಂಪಗಾಗುತ್ತದೆ. ಆ ಕರೆಂಟೆಲ್ಲ ಕೂದಲಿನಷ್ಟು ತೆಳುವಾದ ತಂತಿಯ, ವಾಲ್ವ್‌ಗೂ ಸ್ಪೀಕರ್‌ಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಬರಬೇಕು. ಅದು ಸುಡುತ್ತದೆ. ರೆಕ್ಟಿಫೈಯರ್ ಮತ್ತು ಮೇನ್ಸ್ ಟ್ರಾನ್ಸ್‌ಫಾರ್ಮರ್ ಸಹ ಅದರ ಹಿಂದೆಯೇ ಹೋಗಬಹುದು.

ಇದನ್ನು ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಹಿಡಿಯಲು ಹೋದರೆ ಮೋಸ ಹೋಗುತ್ತೀರಿ. ಆ ಸೋರಿಕೆಯನ್ನು ಓಮ್ ಲೆಕ್ಕಕ್ಕೆ ತಂದರೆ ಸುಮಾರು 10 ಮೆಗಾಓಮ್. ನೋಡಿದವರು "ಇಷ್ಟು ದೊಡ್ಡ ಓಮ್, ಚೆನ್ನಾಗಿಯೇ ಇದೆಯಲ್ಲ" ಅನ್ನುತ್ತಾರೆ. ಅದೂ ಅಲ್ಲದೆ ಮೀಟರ್ ಅಳೆಯುವುದು ಒಂದೆರಡು ವೋಲ್ಟ್‌ನಲ್ಲಿ. ತೇವದ ಕಾಗದ ಸೋರುವುದು 100 ವೋಲ್ಟ್ ಬಿದ್ದಾಗ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಮೇಣದ ಪೇಪರ್ ಕೆಪಾಸಿಟರ್ ಕಂಡರೆ ಪರೀಕ್ಷೆ ಬೇಡ, ತೆಗೆದು ಹಾಕಿ. ಅದೇ ಬೆಲೆಯ, ಅಂದರೆ ಅದೇ ಮೈಕ್ರೋಫ್ಯಾರಡ್‌ನ, 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಹಾಕಿ. ಮೇಲೆ 103 ಅಂತ ಬರೆದಿದ್ದರೆ ಅದು 0.01 ಮೈಕ್ರೋಫ್ಯಾರಡ್, 104 ಅಂದರೆ 0.1. ಒಂದೊಂದನ್ನೇ ಬಿಚ್ಚಿ, ಹೊಸದನ್ನು ಬೆಸೆದು, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವ ತಂತಿ ಎಲ್ಲಿತ್ತು ಅನ್ನುವ ಗೊಂದಲದಲ್ಲೇ ವಾರ ಕಳೆಯುತ್ತದೆ. ಶುರು ಮಾಡುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ಕರೆಂಟಿನ ಎರಡು ತಂತಿಗಳ ನಡುವೆ, ಇಲ್ಲವೇ ಕರೆಂಟಿನಿಂದ ಚಾಸಿಗೆ ಹಾಕಿದ ಕೆಪಾಸಿಟರ್ ಇದ್ದರೆ ಅಲ್ಲಿಗೆ ಮಾಮೂಲಿ ಫಿಲ್ಮ್ ಕೆಪಾಸಿಟರ್ ಸಾಲದು. ಅಡ್ಡ ಹಾಕುವ ಜಾಗಕ್ಕೆ ಎಕ್ಸ್ ದರ್ಜೆಯದ್ದು, ಚಾಸಿಗೆ ಹೋಗುವ ಜಾಗಕ್ಕೆ ವೈ ದರ್ಜೆಯದ್ದು ಬೇಕು. ಕೆಟ್ಟರೂ ಬೆಂಕಿ ಹಿಡಿಯದಂತೆ, ಶಾಕ್ ಹೊಡೆಯದಂತೆ ಮಾಡಿದವು ಅವು.

ಅದೇ ಹುಮ್ಮಸ್ಸಿನಲ್ಲಿ ಎಲ್ಲ ಕೆಪಾಸಿಟರ್‌ಗಳನ್ನೂ ಕಿತ್ತು ಹಾಕಬೇಡಿ. ಚಪ್ಪಟೆಯಾದ ಅಭ್ರಕದ ಕೆಪಾಸಿಟರ್ ಮತ್ತು ಸಣ್ಣ ಸೆರಾಮಿಕ್‌ಗಳು ಸಾಮಾನ್ಯವಾಗಿ ಇನ್ನೂ ಚೆನ್ನಾಗಿರುತ್ತವೆ. 60ರ ದಶಕದ ಫಿಲಿಪ್ಸ್ ಸೆಟ್ಟುಗಳಲ್ಲಿ ಸಾಸಿವೆ ಹಳದಿ ಬಣ್ಣದ ಪಾಲಿಯೆಸ್ಟರ್ ಕೆಪಾಸಿಟರ್ ಸಿಗುತ್ತವೆ. ಅವುಗಳ ಬಾಳಿಕೆ ನೋಡಿದರೆ ಗೌರವ ಬರುತ್ತದೆ.

ಇನ್ನೊಂದು ಜಾತಿ ಎಲೆಕ್ಟ್ರೋಲಿಟಿಕ್. ಚಾಸಿಯ ಮೇಲೆ ನಿಂತ ಅಲ್ಯೂಮಿನಿಯಂ ಡಬ್ಬಿ ಅದು. ಒಂದರಲ್ಲೇ ಎರಡು ಕೆಪಾಸಿಟರ್ ಇರುವುದು ಸಾಮಾನ್ಯ, 32 ಮತ್ತು 32, ಇಲ್ಲವೇ 50 ಮತ್ತು 50 ಮೈಕ್ರೋಫ್ಯಾರಡ್. ಇದರಲ್ಲಿ ಡಿಸಿಯನ್ನು ತಡೆಯುವುದು ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳುವಾದ ಆಕ್ಸೈಡ್ ಪದರ. ಕರೆಂಟು ಹರಿಯುತ್ತಿದ್ದರೆ ಆ ಪದರ ತಾನೇ ಸರಿಯಾಗುತ್ತಿರುತ್ತದೆ. ವರ್ಷಗಟ್ಟಲೆ ಸುಮ್ನೆ ಕೂತರೆ ತೆಳುವಾಗುತ್ತದೆ. ಒಮ್ಮೆಲೇ 300 ವೋಲ್ಟ್ ಬಿದ್ದರೆ ತಡೆಯಲಾರದೆ ಕಾದು, ಉಬ್ಬಿ, ಕೆಲವೊಮ್ಮೆ ಸಿಡಿಯುತ್ತದೆ. ರೆಸಿಸ್ಟರ್ ಮೂಲಕ ನಿಧಾನವಾಗಿ ವೋಲ್ಟೇಜ್ ಏರಿಸಿ ಪದರವನ್ನು ಮತ್ತೆ ಕಟ್ಟುವವರಿದ್ದಾರೆ. ಚೆನ್ನಾಗಿ ಬಲ್ಲವರಿಗೆ ಅದು ಸರಿ. ಮನೆಯಲ್ಲಿ ಕಲಿಯುವವರು ಹೊಸದನ್ನೇ ಹಾಕುವುದು ಒಳ್ಳೆಯದು. ಹಳೇ ಡಬ್ಬಿ ಅಂದಕ್ಕೆ ಅಲ್ಲೇ ನಿಲ್ಲಲಿ, ತಂತಿ ಮಾತ್ರ ಕಳಚಿ. ಚಾಸಿಯ ಕೆಳಗೆ 33 ಇಲ್ಲವೇ 47 ಮೈಕ್ರೋಫ್ಯಾರಡ್, 450 ವೋಲ್ಟ್‌ನ ಹೊಸವನ್ನು ಬೆಸೆಯಿರಿ.

ದೊಡ್ಡದು ಹಾಕಿದರೆ ಗುಂಯ್ ಸದ್ದು ಪೂರ್ತಿ ಹೋಗುತ್ತದೆ ಅಂತ 220 ಮೈಕ್ರೋಫ್ಯಾರಡ್ ಹಾಕುವವರಿದ್ದಾರೆ. ಇಝಡ್80ಗೆ ಮೊದಲ ಕೆಪಾಸಿಟರ್ ಗರಿಷ್ಠ 50 ಮೈಕ್ರೋಫ್ಯಾರಡ್ ಇರಬೇಕು. ಅದಕ್ಕಿಂತ ದೊಡ್ಡದನ್ನು ತುಂಬಿಸಲು ಹೋಗಿ ವಾಲ್ವ್‌ನ ಕ್ಯಾಥೋಡ್ ಸವೆಯುತ್ತದೆ. ಹಳೆಯದರ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಸಾಕು.

ರೆಸಿಸ್ಟರ್‌ಗಳ ವಿಷಯ ಚಿಕ್ಕದು. ಹಳೇ ಕಾರ್ಬನ್ ರೆಸಿಸ್ಟರ್‌ಗಳ ಓಮ್ ವಯಸ್ಸಾದಂತೆ ಏರುತ್ತದೆ. ಒಂದು ತುದಿ ಬಿಚ್ಚಿ ಅಳೆದು, ಬರೆದದ್ದಕ್ಕಿಂತ ಶೇಕಡಾ 20ಕ್ಕೂ ಜಾಸ್ತಿ ಇದ್ದರೆ ಬದಲಿಸಿ.

ಸೀರೀಸ್ ಬೋರ್ಡ್

ಎಲೆಕ್ಟ್ರಿಷಿಯನ್‌ಗಳ ಬಳಿ ಇರುವ ಸೀರೀಸ್ ಬೋರ್ಡ್ ಇಲ್ಲಿ ದೊಡ್ಡ ಗೆಳೆಯ. ಒಂದು ಹೋಲ್ಡರ್, ಒಂದು ಸಾಕೆಟ್, ಎರಡೂ ಸೀರೀಸ್‌ನಲ್ಲಿ. ಹೋಲ್ಡರ್‌ಗೆ ಹಳೇ ತಂತಿಯ ಬಲ್ಬ್ ಬೇಕು, 100 ವ್ಯಾಟಿನದು. ಎಲ್‌ಇಡಿ ಬಲ್ಬ್ ಕೆಲಸಕ್ಕೆ ಬರುವುದಿಲ್ಲ. ತಣ್ಣಗಿರುವಾಗ ಬಲ್ಬಿನ ತಂತಿಯ ಓಮ್ ಕಡಿಮೆ, ಬಿಸಿಯಾದರೆ ಹತ್ತು ಪಟ್ಟು ಏರುತ್ತದೆ. ರೇಡಿಯೋ ಸರಿಯಿದ್ದರೆ ಬಲ್ಬ್ ಮಂಕಾಗಿ ಉರಿಯುತ್ತಾ ಹೆಚ್ಚಿನ ವೋಲ್ಟೇಜನ್ನು ಸೆಟ್ಟಿಗೆ ಬಿಡುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆಗಲೂ ಸೆಟ್ಟಿಗೆ ಅರ್ಧ ಆಂಪಿಯರ್ ಕೂಡ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಒಂದು ನೆನಪಿರಲಿ, ಈ ಬಲ್ಬ್ ಕಾಯುವುದು ರೇಡಿಯೋವನ್ನು, ನಿಮ್ಮನ್ನಲ್ಲ. ಶಾಕ್ ಹೊಡೆಯುವುದಕ್ಕೆ ಅದರಿಂದ ಏನೂ ತಡೆಯಿಲ್ಲ.

ಮೊದಲ ಸಲ ಕರೆಂಟು ಕೊಡುವಾಗ ರೆಕ್ಟಿಫೈಯರ್ ವಾಲ್ವ್ ಇಝಡ್80ಯನ್ನು ಕಿತ್ತಿಡಿ. ಆಗ 250 ವೋಲ್ಟ್ ಡಿಸಿ ಹುಟ್ಟುವುದೇ ಇಲ್ಲ, ಹೀಟರ್‌ಗಳು ಮಾತ್ರ ಕಾಯುತ್ತವೆ. ಯು ಸೆಟ್ಟಿನಲ್ಲಿ ಹೀಗೆ ಮಾಡಲು ಆಗದು, ಒಂದು ವಾಲ್ವ್ ಕಿತ್ತರೆ ಹೀಟರ್‌ಗಳ ಸಾಲೇ ಕಡಿದುಹೋಗುತ್ತದೆ. ಸೆಟ್ಟಿನ ಹಿಂದೆ ವೋಲ್ಟೇಜ್ ಆರಿಸುವ ಪಿನ್ ಇದ್ದರೆ 240 ಇಲ್ಲವೇ ಅದರ ಮೇಲಿನ ಜಾಗಕ್ಕೆ ಹಾಕಿ. 220ರಲ್ಲೇ ಬಿಟ್ಟರೆ ಇವತ್ತಿನ ಕರೆಂಟಿಗೆ ಹೀಟರ್‌ಗಳು ಜಾಸ್ತಿ ಕಾಯುತ್ತವೆ. ಅರ್ಧ ಗಂಟೆ ಬಿಟ್ಟು, ಪ್ಲಗ್ ತೆಗೆದು, ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಒಳಸುತ್ತು ಶಾರ್ಟ್ ಆಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ.

ಎರಡನೇ ಹಂತದಲ್ಲಿ ಇಝಡ್80 ಹಾಕಿ, ಸ್ಪೀಕರ್ ತಂತಿ ಸಿಕ್ಕಿಸಿದೆಯಾ ಖಚಿತ ಮಾಡಿಕೊಂಡು ಬಲ್ಬಿನ ಮೂಲಕವೇ ಕರೆಂಟು ಕೊಡಿ. ಬಲ್ಬ್ ಮೊದಲು ಒಮ್ಮೆ ಜೋರಾಗಿ ಉರಿದು ಮಂಕಾಗುತ್ತದೆ. ರೆಕ್ಟಿಫೈಯರ್ ಕಾದಾಗ ಮತ್ತೆ ತುಸು ಏರುತ್ತದೆ. ಮೀಟರಿನ ಕೆಂಪು ತಂತಿ ಇಎಲ್84ರ ಗ್ರಿಡ್‌ನಲ್ಲಿ, ಎರಡನೇ ಪಿನ್‌ನಲ್ಲಿ ಇರಲಿ. ಸೊನ್ನೆ ತೋರಿಸಬೇಕು. ಮೇಲೇರುತ್ತಾ ಹೋದರೆ ತಕ್ಷಣ ಆಫ್ ಮಾಡಿ. ಬಲ್ಬ್ ತೆಗೆದು ನೇರ ಕರೆಂಟು ಕೊಟ್ಟ ಮೇಲೆ ಕ್ಯಾಥೋಡ್ ನೋಡಿ, ಅದು ಮೂರನೇ ಪಿನ್. 7 ವೋಲ್ಟ್ ಆಸುಪಾಸು ಇದ್ದರೆ ಆರಾಮಾಗಿರಿ. 12 ವೋಲ್ಟ್ ಕಂಡರೆ ವಾಲ್ವ್ ಸುಮಾರು 1.7 ಪಟ್ಟು ಕರೆಂಟು ಎಳೆಯುತ್ತಿದೆ.

ಕ್ಯಾಥೋಡ್ ವೋಲ್ಟೇಜ್ ತೀರಾ ಕಡಿಮೆ, ಸದ್ದೇ ಇಲ್ಲ, ವಾಲ್ವ್‌ನ ಒಳಗಿನ ತೆಳು ತಂತಿಯ ಸ್ಕ್ರೀನ್ ಗ್ರಿಡ್ (ಗ್ರಿಡ್‌ಗೂ ಆನೋಡ್‌ಗೂ ನಡುವಿನ ಎರಡನೇ ಜಾಲರಿ) ಕೆಂಪಗಾಗಿ ಹೊಳೆಯುತ್ತಿದೆ ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ತಂತಿ ತುಂಡಾಗಿದೆ. ಆನೋಡ್‌ಗೆ ದಾರಿ ಇಲ್ಲದೆ ಕರೆಂಟೆಲ್ಲ ಸ್ಕ್ರೀನಿಗೆ ಹೋಗುತ್ತಿದೆ. ಕೂಡಲೇ ಆಫ್ ಮಾಡಿ. ತೇವದ ಊರುಗಳಲ್ಲಿ ಇದು ಜಾಸ್ತಿ. ತೆಳುವಾದ ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದು ಒಂದು ಕಡೆ ಕಡಿಯುತ್ತದೆ. ರೀವೈಂಡಿಂಗ್ ಅಂಗಡಿಯಲ್ಲಿ ತೆಳು ತಂತಿ ಸುತ್ತುವ ತಾಳ್ಮೆ ಇರುವವರು ಸಿಕ್ಕರೆ ಸುತ್ತಿಸಿ. ಇಲ್ಲದಿದ್ದರೆ ಸತ್ತ ಸೆಟ್ಟೊಂದರಿಂದ ತೆಗೆಯಬೇಕು.

ಮುಟ್ಟಬಾರದ ಡಬ್ಬಿಗಳು

ಚಾಸಿಯ ಮೇಲೆ ಎರಡು ಚೌಕಾಕಾರದ ಅಲ್ಯೂಮಿನಿಯಂ ಡಬ್ಬಿಗಳಿವೆ. ಅವುಗಳಲ್ಲಿ ತಿರುಗಿಸುವ ತಿರುಪು ಕಾಣುತ್ತದೆ. ರೇಡಿಯೋ ಮಂದವಾಗಿ ಹಾಡಿದರೆ ಅದನ್ನು ತಿರುಗಿಸಲು ಕೈ ತುರಿಸುತ್ತದೆ. ತಿರುಗಿಸಬೇಡಿ. ಯಾಕೆ ಅಂತ ತಿಳಿಯಲು ರೇಡಿಯೋ ಸ್ಟೇಷನ್ ಹಿಡಿಯುವ ಬಗೆ ತಿಳಿಯಬೇಕು.

ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ಧಾರವಾಡದ್ದು 765. ಪ್ರತಿ ಸ್ಟೇಷನ್ನಿನ ಸಿಗ್ನಲ್ಲನ್ನೂ ಅದರದೇ ಫ್ರೀಕ್ವೆನ್ಸಿಯಲ್ಲಿ ದೊಡ್ಡದು ಮಾಡಬೇಕಾದರೆ ಗುಬ್ಬಿ ತಿರುಗಿಸಿದಾಗಲೆಲ್ಲ ಎಲ್ಲ ಕಾಯಿಲ್‌ಗಳೂ ಒಟ್ಟಿಗೆ ಬದಲಾಗಬೇಕು, ಅದು ಬಲು ಕಷ್ಟ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಇದಕ್ಕೊಂದು ಚೆಂದದ ದಾರಿ ಕಂಡುಕೊಂಡರು. ಸ್ಟೇಷನ್ ಯಾವುದೇ ಇರಲಿ, ಅದನ್ನು ಒಂದೇ ಫ್ರೀಕ್ವೆನ್ಸಿಗೆ ಇಳಿಸಿ ಆಮೇಲೆ ದೊಡ್ಡದು ಮಾಡುವುದು. ಇಸಿಎಚ್81 ಒಳಗೇ ಒಂದು ಸಿಗ್ನಲ್ ಹುಟ್ಟಿಸುತ್ತದೆ. ಮುಳ್ಳು 612ರಲ್ಲಿದ್ದಾಗ ಆ ಒಳ ಸಿಗ್ನಲ್ 1067. ಎರಡೂ ಬೆರೆತಾಗ ವ್ಯತ್ಯಾಸ 455. ಮುಳ್ಳನ್ನು 765ಕ್ಕೆ ತಂದರೆ ಒಳ ಸಿಗ್ನಲ್ 1220 ಆಗುತ್ತದೆ, ವ್ಯತ್ಯಾಸ ಮತ್ತೆ 455. ಆ ಎರಡು ಡಬ್ಬಿಗಳ ಕಾಯಿಲ್‌ಗಳು 455ಕ್ಕೆ ಮಾತ್ರ ಕಿವಿಗೊಡುವಂತೆ ಕಾರ್ಖಾನೆಯಲ್ಲಿ ಹೊಂದಿಸಿ, ಮೇಣ ಹಾಕಿ ಕೂರಿಸಿರುತ್ತಾರೆ. ಅರ್ಧ ಸುತ್ತು ತಿರುಗಿಸಿದರೂ ಡಬ್ಬಿಗಳು ಬೇರೆಬೇರೆ ಫ್ರೀಕ್ವೆನ್ಸಿಗೆ ಹೋಗುತ್ತವೆ. ಸಿಗ್ನಲ್ ಜನರೇಟರ್ ಇಲ್ಲದೆ ವಾಪಸ್ ತರುವುದು ಕಷ್ಟ. ಒಳಗಿನ ಫೆರೈಟ್ ತುಂಡು ಮೇಣಕ್ಕೆ ಅಂಟಿ ಒಡೆದರೆ ಇನ್ನೂ ಕಷ್ಟ. ಕೆಪಾಸಿಟರ್ ಬದಲಿಸಿದ ಮೇಲೆ ಹೆಚ್ಚಿನ ಸೆಟ್ಟುಗಳು ಇದನ್ನು ಮುಟ್ಟದೆಯೇ ಚೆನ್ನಾಗಿ ಹಾಡುತ್ತವೆ.

ಗಾಜು, ದಾರ, ಪಾಲಿಶ್

ಡಯಲ್ ಗಾಜು ನನಗೆ ಇಡೀ ಸೆಟ್ಟಿನಲ್ಲಿ ಅತಿ ಪ್ರೀತಿಯ ಭಾಗ. ಸಿಲೋನ್, ದೆಹಲಿ, ಲಂಡನ್ ಅಂತ ಊರುಗಳ ಹೆಸರು ಸಾಲಾಗಿ ಇರುತ್ತವೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನಲ್ಲಿ ಪ್ರಸಾರ ಶುರು ಮಾಡಿದ ನಾಡು ನಮ್ಮದು. 1950ರಲ್ಲಿ ಧಾರವಾಡ ನಿಲಯ ಬಂತು. ಅಂಥ ಹೆಸರುಗಳನ್ನು ಹುಡುಕುತ್ತಾ ಮುಳ್ಳು ಸರಿಸಿದ ಮನೆಮಂದಿಯ ಗುರುತು ಆ ಗಾಜು. ಆ ಅಕ್ಷರಗಳಿರುವುದು ಗಾಜಿನ ಒಳಬದಿಯಲ್ಲಿ. ಬಣ್ಣ ಒಣಗಿ ಪುಡಿಪುಡಿಯಾಗಿರುತ್ತದೆ. ಒದ್ದೆ ಬಟ್ಟೆ ತಾಗಿಸಿದರೆ ಒಂದೇ ಒರೆಸಿಗೆ ಲಂಡನ್ನೂ ಇಲ್ಲ, ಸಿಲೋನೂ ಇಲ್ಲ. ಹೊರಬದಿಯನ್ನು ಮಾತ್ರ ತೊಳೆಯಿರಿ. ಒಳಬದಿಯ ಧೂಳನ್ನು ಮೆತ್ತನೆಯ ಬ್ರಷ್‌ನಿಂದ, ಅಕ್ಷರ ತಾಗದಂತೆ ಸರಿಸಿದರೆ ಸಾಕು.

ಮುಳ್ಳನ್ನು ಎಳೆಯುವ ದಾರ ಕಡಿದಿದ್ದರೆ ಉಳಿದದ್ದನ್ನು ಬಿಚ್ಚುವ ಮೊದಲು ಅದು ಯಾವ ಚಕ್ರಕ್ಕೆ ಎಷ್ಟು ಸುತ್ತು ಅಂತ ಚಿತ್ರ ಬರೆದಿಡಿ. ಹೊಸದಕ್ಕೆ ಹಿಗ್ಗದ, ಗಟ್ಟಿ ಹೆಣೆದ ದಾರ ಬೇಕು. ಇಲಿ ಕಡಿದ ಸ್ಪೀಕರ್ ಕೋನ್‌ಗೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಿಂದ ಎರಡೂ ಕಡೆ ಹಚ್ಚಿದರೆ ಸಾಕು. ದಪ್ಪ ಅಂಟು ಹಾಕಿದರೆ ಕೋನ್ ಬಿಗಿಯಾಗಿ ದನಿ ಒಡೆಯುತ್ತದೆ. ಪೆಟ್ಟಿಗೆಯ ಕೆಳಗೆ, ಕಾಣದ ಜಾಗದಲ್ಲಿ, ಸ್ಪಿರಿಟ್ ಅದ್ದಿದ ಹತ್ತಿ ಇಟ್ಟು ನೋಡಿ. ಮೇಲ್ಪದರ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಅದರ ಮೇಲೆ ಅರಗಿನ ಪಾಲಿಶನ್ನೇ ತೆಳುವಾಗಿ ಹಚ್ಚಿ, ಹಳೆಯದಕ್ಕೆ ಬೆರೆಯುತ್ತದೆ. ಮರಳು ಕಾಗದದಿಂದ ಜೋರಾಗಿ ಉಜ್ಜಬಾರದು. ಮೇಲಿರುವುದು ಹಾಳೆಯಷ್ಟು ತೆಳುವಾದ ತೇಗದ ಇಲ್ಲವೇ ಬೀಟೆಯ ವೆನೀರ್. ಅದು ಸವೆದರೆ ಕೆಳಗಿನ ಪ್ಲೈವುಡ್ ಇಣುಕುತ್ತದೆ.

ಸತ್ತ ಸೆಟ್ಟಿನಿಂದ ಏನು ಉಳಿಸಬೇಕು

ಗೆದ್ದಲು ತಿಂದ ಪೆಟ್ಟಿಗೆ, ತುಕ್ಕು ಹಿಡಿದ ಚಾಸಿ, ಇಂಥ ಸೆಟ್ಟನ್ನೂ ಗುಜರಿಗೆ ಹಾಕಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಮೇನ್ಸ್ ಟ್ರಾನ್ಸ್‌ಫಾರ್ಮರ್, ಸ್ಟೇಷನ್ ಬದಲಿಸುವ ಟ್ಯೂನಿಂಗ್ ಗ್ಯಾಂಗ್, ಆ 455ರ ಡಬ್ಬಿಗಳು, ಬ್ಯಾಂಡ್ ಸ್ವಿಚ್, ವಾಲ್ವ್ ಸಾಕೆಟ್, ಗುಬ್ಬಿ, ಡಯಲ್ ಗಾಜು, ಸ್ಪೀಕರ್ ಬಟ್ಟೆ, ಇವುಗಳಲ್ಲಿ ಹೆಚ್ಚಿನವು ಇವತ್ತು ಹೊಸದಾಗಿ ಸುಲಭಕ್ಕೆ ಸಿಗುವುದಿಲ್ಲ. ಕಳಚುವಾಗ ಟ್ರಾನ್ಸ್‌ಫಾರ್ಮರ್ ತಂತಿಗಳನ್ನು ಬುಡದಲ್ಲಿ ಕತ್ತರಿಸದೆ ಉದ್ದ ಬಿಟ್ಟು, ಯಾವುದು ಎಲ್ಲಿಗೆ ಹೋಗುತ್ತಿತ್ತು ಅಂತ ಚೀಟಿ ಕಟ್ಟಿ. ಚೀಟಿ ಇಲ್ಲದ ಟ್ರಾನ್ಸ್‌ಫಾರ್ಮರ್ ಬರೀ ಕಬ್ಬಿಣದ ತೂಕ. ಹಳೇ ಕಾಗದದ ಕೆಪಾಸಿಟರ್ ಮಾತ್ರ ಎತ್ತಿಡಬೇಡಿ. ಬಿಸಿಯಾಗುವ ದೊಡ್ಡ ರೆಸಿಸ್ಟರ್‌ನ ಮೇಲೆ ಬೂದು ಬಣ್ಣದ ಹಾಳೆ ಅಂಟಿಸಿದ್ದರೆ ಅದು ಕಲ್ನಾರು ಇರಬಹುದು. ಕೆರೆಯಬೇಡಿ, ಪುಡಿ ಮಾಡಬೇಡಿ.

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯಲ್ಲಿ 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್, 450 ವೋಲ್ಟ್‌ನ ಎಲೆಕ್ಟ್ರೋಲಿಟಿಕ್ ಕೇಳಿದರೆ ಸಿಗುತ್ತವೆ. ಹಳೇ ಭಾಗಗಳಿಗೆ ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಲಿನ ಸಂಡೇ ಬಜಾರ್ ಒಮ್ಮೆ ಸುತ್ತಬೇಕು.

ಹಾಡು ಬರಲಿಲ್ಲವೆಂದರೆ

ಎಲ್ಲ ಸರಿಯಾಗಿದ್ದೂ ಬರೀ ಗರಗರ ಬಂದರೆ ರೇಡಿಯೋವನ್ನು ದೂರುವ ಮೊದಲು ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆಫ್ ಮಾಡಿ ನೋಡಿ. ಇವುಗಳ ಒಳಗಿನ ಸ್ವಿಚಿಂಗ್ ಸರ್ಕ್ಯೂಟ್ ಮೀಡಿಯಂ ವೇವ್ ಮೇಲೆ ಗದ್ದಲ ಎಬ್ಬಿಸುತ್ತದೆ. ಮನೆಯ ಹೊರಗೆ, ಕರೆಂಟಿನ ತಂತಿಗಳಿಂದ ದೂರ, ಹತ್ತು ಮೀಟರ್ ಉದ್ದದ ಏರಿಯಲ್ ತಂತಿ ಎಳೆದು ಹಿಂದಿನ ಸಾಕೆಟ್ಟಿಗೆ ಕೊಟ್ಟರೆ ಬಹಳ ವ್ಯತ್ಯಾಸ ಆಗುತ್ತದೆ. ಗುಡುಗು ಸಿಡಿಲಿನ ದಿನ ಅದನ್ನು ಕಳಚಿಡಿ.

ಹಲವು ಸೆಟ್ಟುಗಳ ಹಿಂದೆ ಗ್ರಾಮಾಫೋನ್ ಪಿಕಪ್‌ಗೆ ಅಂತ ಎರಡು ತೂತಿನ ಸಾಕೆಟ್ ಇರುತ್ತದೆ. ಮೊಬೈಲಿನ ಆಡಿಯೋ ಅದಕ್ಕೆ ಕೊಟ್ಟರೆ ಇಎಲ್84 ಹಳೇ ಹಾಡುಗಳನ್ನು ತುಂಬು ದನಿಯಲ್ಲಿ ಹಾಡುತ್ತದೆ. ಸ್ಟೀರಿಯೋದ ಎಡ ಬಲ ತಂತಿಗಳನ್ನು ನೇರ ಕೂಡಿಸದೆ ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ. ಇದು ಟ್ರಾನ್ಸ್‌ಫಾರ್ಮರ್ ಇರುವ ಇ ಸೆಟ್ಟಿಗೆ ಮಾತ್ರ. ಅದಕ್ಕೂ ಮೊದಲು ಪುಡಿಯಾದ ಹಳೇ ರಬ್ಬರ್ ವೈರ್ ತೆಗೆದು ಮೂರು ಎಳೆಯ ವೈರ್ ಹಾಕಿ, ಚಾಸಿಗೆ ಅರ್ತ್ ಕೊಟ್ಟಿರಬೇಕು. ಯು ಸೆಟ್ಟಿನಲ್ಲಿ ಆ ಸಾಕೆಟ್ಟಿಗೂ ಕರೆಂಟಿನ ತಂತಿಗೂ ನಡುವೆ ಕೆಲವೊಮ್ಮೆ ಒಂದು ಹಳೇ ಕಾಗದದ ಕೆಪಾಸಿಟರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಥ ಸೆಟ್ಟಿಗೆ ಕಿವಿಗೆ ಹಿಡಿಯುವ ಮೊಬೈಲನ್ನು ಎಂದಿಗೂ ತಂತಿಯಿಂದ ಸೇರಿಸಬೇಡಿ.